ಕತ್ತಲೂ ಕಾಣಬೇಕು: ಹಳೆಯ ಸಸ್ಪೆನ್ಸ್ ಚಿತ್ರಗಳು ಮನೆಗೆ ಬಂದ ದಾರಿ

'ನಟೋರಿಯಸ್' (1946) ಚಿತ್ರದಲ್ಲಿ ರಿಯೊ ಡಿ ಜನೈರೊದ ದೊಡ್ಡ ಮನೆಯೊಂದರಲ್ಲಿ ಔತಣ ನಡೆಯುತ್ತಿರುತ್ತದೆ. ಕ್ಯಾಮೆರಾ ಮಹಡಿಯ ಎತ್ತರದಿಂದ ಹೊರಟು, ಅತಿಥಿಗಳು ತುಂಬಿದ ಹಜಾರವನ್ನೆಲ್ಲ ಒಮ್ಮೆ ತೋರಿಸಿ, ನಡುವೆ ಎಲ್ಲೂ ಕತ್ತರಿ ಬೀಳದಂತೆ ಕೆಳಗಿಳಿಯುತ್ತ ಬಂದು ಇಂಗ್ರಿಡ್ ಬರ್ಗ್‌ಮನ್‌ಳ ಕೈಯ ಹತ್ತಿರ ನಿಲ್ಲುತ್ತದೆ. ಆ ಕೈಯಲ್ಲಿ ವೈನ್ ನೆಲಮಾಳಿಗೆಯ ಕೀಲಿಕೈ, ಗಂಡನಿಗೆ ಗೊತ್ತಾಗದಂತೆ ತೆಗೆದದ್ದು. ಅಲ್ಲಿಂದ ಮುಂದೆ ಔತಣದ ನಗು, ಸಂಗೀತ, ಷಾಂಪೇನ್ ಎಲ್ಲವೂ ನಮಗೆ ಬೇರೆಯಾಗಿಯೇ ಕಾಣುತ್ತವೆ. ಆ ಕೋಣೆಯಲ್ಲಿರುವ ಇತರರಿಗೆ ತಿಳಿಯದ್ದು ನಮಗೆ ತಿಳಿದಿದೆ.

ಈ ಚಿತ್ರದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ತನ್ನ ಕಸುಬನ್ನು ವಿವರಿಸುವಾಗಲೆಲ್ಲ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡುತ್ತಿದ್ದ. ಬಾಂಬ್ ದಿಢೀರನೆ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಕೆಲವು ಕ್ಷಣಗಳ ಬೆಚ್ಚು. ಅದು ಅಲ್ಲಿದೆ ಎಂದು ಮೊದಲೇ ತಿಳಿದಿದ್ದರೆ, ಮೇಜಿನ ಸುತ್ತ ಕುಳಿತವರ ಹಾಳುಹರಟೆಯ ಒಂದೊಂದು ನಿಮಿಷವೂ ಹಿಂಸೆ. ಇದರಲ್ಲಿ ಅಡಗಿರುವ ಷರತ್ತೊಂದರ ಬಗ್ಗೆ ಹೆಚ್ಚು ಚರ್ಚೆಯಾಗಿಲ್ಲ: ಪ್ರೇಕ್ಷಕ ಬಾಂಬನ್ನು ಕಂಡಿರಬೇಕು. ಪ್ರತಿ ಕೆಟ್ಟದ್ದಾಗಿದ್ದು ಕೀಲಿಕೈ ಬರೀ ಬಿಳಿ ಮಸುಕಾಗಿ ಕಂಡರೆ 'ನಟೋರಿಯಸ್'ನ ಕಥೆಯೇನೋ ಅರ್ಥವಾಗುತ್ತದೆ, ಭಯ ಮಾತ್ರ ಹುಟ್ಟುವುದಿಲ್ಲ. ಸಂಗೀತಪ್ರಧಾನ ಚಿತ್ರವನ್ನೋ ಹಾಸ್ಯಚಿತ್ರವನ್ನೋ ಸವೆದ ಪ್ರತಿಯಲ್ಲಿ ನೋಡಿಯೂ ಸುಖಪಡಬಹುದು. ಸಸ್ಪೆನ್ಸ್ ಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಅದರ ಹಳೆಯ ಅಭಿಮಾನಿಗಳು ಒಂದೇ ಚಿತ್ರವನ್ನು ಕ್ಯಾಸೆಟ್, ಡಿವಿಡಿ, ಬ್ಲೂ-ರೇ, 4ಕೆ ಎಂದು ಮತ್ತೆ ಮತ್ತೆ ಕೊಳ್ಳುವುದನ್ನು ಚಟ ಎಂದು ತಳ್ಳಿಹಾಕುವವರು ಈ ಮಾತನ್ನು ಗಮನಿಸಬೇಕು.

ಕ್ಯಾಸೆಟ್ ಬರುವ ಮುನ್ನ, ಚಿತ್ರಮಂದಿರದಿಂದ ಇಳಿದ ಚಿತ್ರವನ್ನು ಮತ್ತೆ ನೋಡಲು ಅಮೆರಿಕದ ಸಾಮಾನ್ಯ ಪ್ರೇಕ್ಷಕನಿಗೆ ಇದ್ದದ್ದು ಮರುಬಿಡುಗಡೆ ಮತ್ತು ಟೆಲಿವಿಷನ್. ಟೆಲಿವಿಷನ್ನಿನಲ್ಲಿ ಜಾಹೀರಾತು, ಸಮಯದ ಒತ್ತಡ, ನೀತಿಯ ಕತ್ತರಿ ಮೂರೂ ಕಾದಿರುತ್ತಿದ್ದವು. 'ಸೈಕೋ' (1960) ಚಿತ್ರವನ್ನು ಸಿಬಿಎಸ್ ವಾಹಿನಿ 1966ರ ಸೆಪ್ಟೆಂಬರಿನಲ್ಲಿ ಪ್ರಸಾರ ಮಾಡಬೇಕಿತ್ತು. ಅದಕ್ಕೆ ಕೆಲವೇ ದಿನ ಮೊದಲು ಇಲಿನಾಯ್‌ನಲ್ಲಿ ರಾಜಕಾರಣಿಯೊಬ್ಬರ ಮಗಳ ಕೊಲೆಯಾಯಿತು. ಪ್ರಸಾರ ಮುಂದಕ್ಕೆ ಹೋಗಿ, ಕೊನೆಗೆ ರದ್ದಾಯಿತು.

ಇನ್ನೂ ವಿಚಿತ್ರವಾದದ್ದು ಐದು ಚಿತ್ರಗಳ ಕಥೆ. 'ರೋಪ್' (1948), 'ರಿಯರ್ ವಿಂಡೋ' (1954), 'ದ ಟ್ರಬಲ್ ವಿತ್ ಹ್ಯಾರಿ' (1955), 'ದ ಮ್ಯಾನ್ ಹೂ ನ್ಯೂ ಟೂ ಮಚ್'ನ 1956ರ ಆವೃತ್ತಿ, 'ವರ್ಟಿಗೋ' (1958): ಇವುಗಳ ಹಕ್ಕು ಹಿಚ್‌ಕಾಕ್‌ನ ಕೈಗೇ ಬಂದಿತ್ತು, ಆತ ಇವನ್ನು ಚಲಾವಣೆಯಿಂದ ಹಿಂದಕ್ಕೆ ಪಡೆದ. ಎಪ್ಪತ್ತರ ದಶಕದ ಬಹುಭಾಗ ಇವು ಕಾನೂನುಬದ್ಧವಾಗಿ ಎಲ್ಲೂ ಕಾಣಿಸಿಕೊಳ್ಳಲಿಲ್ಲ ಎನ್ನಬಹುದು. ಒಂದು ತಲೆಮಾರಿನ ವಿಮರ್ಶಕರು 'ವರ್ಟಿಗೋ' ಬಗ್ಗೆ ನೆನಪಿನಿಂದ ಬರೆದರು, ಅದರ ನಂತರದವರು ಅವರ ಬರಹ ಓದಿ ಊಹಿಸಿಕೊಂಡರು. 1980ರಲ್ಲಿ ಹಿಚ್‌ಕಾಕ್ ತೀರಿಕೊಂಡ. 1983-84ರಲ್ಲಿ ಯೂನಿವರ್ಸಲ್ ಸಂಸ್ಥೆ ಐದನ್ನೂ ಚಿತ್ರಮಂದಿರಗಳಿಗೆ ತಂದಿತು, ಆಮೇಲೆ ಕ್ಯಾಸೆಟ್ಟಿಗೆ.

ಮರುಬಿಡುಗಡೆಯ ಬೆನ್ನಿಗೇ ನ್ಯಾಯಾಲಯದ ಮೊಕದ್ದಮೆಯೂ ಬಂತು. 'ರಿಯರ್ ವಿಂಡೋ'ಗೆ ಆಧಾರ ಕಾರ್ನೆಲ್ ವುಲ್ರಿಚ್ 1942ರಲ್ಲಿ ಪ್ರಕಟಿಸಿದ ಸಣ್ಣಕಥೆ. ಕೃತಿಸ್ವಾಮ್ಯ ನವೀಕರಣದ ಹೊತ್ತಿಗೆ ಲೇಖಕ ಬದುಕಿರಲಿಲ್ಲ. ಶೆಲ್ಡನ್ ಅಬೆಂಡ್ ಎಂಬ ಸಾಹಿತ್ಯ ಏಜೆಂಟ್ ವುಲ್ರಿಚ್‌ನ ಆಸ್ತಿ ನೋಡಿಕೊಳ್ಳುತ್ತಿದ್ದ ಬ್ಯಾಂಕಿನಿಂದ ಆ ಕಥೆಯ ಹಕ್ಕನ್ನು 650 ಡಾಲರಿಗೂ ಮುಂದಿನ ಆದಾಯದಲ್ಲೊಂದು ಪಾಲಿಗೂ ಕೊಂಡಿದ್ದರು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು; 1990ರಲ್ಲಿ ತೀರ್ಪು ಅಬೆಂಡ್ ಪರವಾಗಿ ಬಂತು. ಪ್ರತಿವಾದಿಗಳ ಸಾಲಿನಲ್ಲಿ ಚಿತ್ರದ ನಾಯಕ ಜೇಮ್ಸ್ ಸ್ಟೂವರ್ಟ್ ಹೆಸರೂ ಇತ್ತು. ಹಳೆಯ ಚಿತ್ರವೊಂದು ಯಾಕೆ ಇನ್ನೂ ಡಿಸ್ಕ್ ಆಗಿ ಬಂದಿಲ್ಲ ಎಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಪ್ರಕರಣ. ಒಳ್ಳೆಯ ನೆಗೆಟಿವ್ ಇದ್ದು, ಕೊಳ್ಳುವವರಿದ್ದು, ಒಂದು ಸಣ್ಣಕಥೆಯ ಹಕ್ಕು ಬೇರೆಯವರ ಬಳಿ ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ವಿಎಚ್‌ಎಸ್ ಕ್ಯಾಸೆಟ್ ಮಾಡಿದ ಉಪಕಾರ ಸಣ್ಣದಲ್ಲ. ಬೇಕೆಂದಾಗ ನಿಲ್ಲಿಸಿ, ಹಿಂದಕ್ಕೋಡಿಸಿ, ಒಂದು ದೃಶ್ಯ ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡುವ ಅವಕಾಶ ಮೊದಲ ಬಾರಿಗೆ ಸಾಮಾನ್ಯನಿಗೆ ಸಿಕ್ಕಿತು. ಆದರೆ ಅದು ಹಿಡಿಯುತ್ತಿದ್ದ ವಿವರ ಸುಮಾರು 240 ಗೆರೆಗಳಷ್ಟೇ. 'ರಿಯರ್ ವಿಂಡೋ'ದಲ್ಲಿ ಅಂಗಳದಾಚೆಯ ಮನೆಯ ದೀಪಗಳೆಲ್ಲ ಆರಿವೆ. ಕತ್ತಲಲ್ಲಿ ಒಂದು ಸಿಗರೇಟಿನ ಕೆಂಡ ಮಾತ್ರ ಒಮ್ಮೆ ಉರಿದು ಒಮ್ಮೆ ಮಂಕಾಗುತ್ತದೆ. ಕೊಲೆಗಾರ ಅಲ್ಲೇ ಕುಳಿತಿದ್ದಾನೆ ಎಂಬುದಕ್ಕೆ ಅದೊಂದೇ ಗುರುತು. ಕ್ಯಾಸೆಟ್ಟಿನಲ್ಲಿ ಆ ಕತ್ತಲು ಕಂದು ಬಣ್ಣದ ಕಲಸುಮೇಲೋಗರವಾಗಿ ಕೆಂಡ ಅದರಲ್ಲಿ ಕರಗುತ್ತಿತ್ತು. 'ರೋಪ್' ಹತ್ತು ನಿಮಿಷದವರೆಗಿನ ಉದ್ದುದ್ದ ಶಾಟುಗಳಲ್ಲಿ ತೆಗೆದ ಚಿತ್ರ, ಹಿಚ್‌ಕಾಕ್‌ನ ಮೊದಲ ವರ್ಣಚಿತ್ರ. ಪೆಟ್ಟಿಗೆಯಲ್ಲಿ ಹೆಣವಿಟ್ಟು ಅದರ ಮೇಲೆ ಊಟ ಬಡಿಸುವಾಗ ಹಿಂದಿನ ದೊಡ್ಡ ಕಿಟಕಿಯಾಚೆ ನ್ಯೂಯಾರ್ಕಿನ ಸಂಜೆ ಸ್ವಲ್ಪಸ್ವಲ್ಪವೇ ಕೆಂಪಾಗಿ, ಆಮೇಲೆ ಇರುಳಾಗುತ್ತದೆ. ಬಣ್ಣ ಸೋರಿದ ಟೇಪಿನಲ್ಲಿ ಆ ಕಾಲದ ಓಟವೇ ಕಾಣದು.

ಚೌಕದ ಗಾತ್ರದ್ದು ಇನ್ನೊಂದು ಸಂಕಟ. ಅಗಲ ತೆರೆಯ ಚಿತ್ರಗಳನ್ನು ಅಂದಿನ ಟಿವಿಯ ಚೌಕಕ್ಕೆ ಹೊಂದಿಸಲು ಅಂಚುಗಳನ್ನು ಕತ್ತರಿಸುತ್ತಿದ್ದರು. 'ನಾರ್ತ್ ಬೈ ನಾರ್ತ್‌ವೆಸ್ಟ್'ನಲ್ಲಿ (1959) ವಿಮಾನ ಬೆನ್ನಟ್ಟುವ ಮೊದಲು ಬಯಲು ರಸ್ತೆಯ ಈಚೆ ಬದಿ ಕ್ಯಾರಿ ಗ್ರಾಂಟ್, ಆಚೆ ಬದಿ ಒಬ್ಬ ಅಪರಿಚಿತ ಸುಮ್ಮನೆ ನಿಂತಿರುತ್ತಾರೆ. ಆ ದೃಶ್ಯದ ಆತಂಕವೆಲ್ಲ ಇಬ್ಬರ ನಡುವಿನ ಖಾಲಿ ಜಾಗದಲ್ಲಿದೆ. ಕತ್ತರಿ ಬಿದ್ದದ್ದು ಆ ಖಾಲಿ ಜಾಗಕ್ಕೆ.

ಕ್ಯಾಸೆಟ್ಟಿನ ಜೊತೆಜೊತೆಗೇ ಇದ್ದ ಲೇಸರ್‌ಡಿಸ್ಕ್ ಕೊಳ್ಳುವವರ ಸಂಖ್ಯೆ ಕಡಿಮೆಯಿತ್ತು, ಪರಿಣಾಮ ಮಾತ್ರ ದೊಡ್ಡದು. 1984ರಲ್ಲಿ ಶುರುವಾದ ಕ್ರೈಟೀರಿಯನ್ ಕಲೆಕ್ಷನ್ ಚಿತ್ರವನ್ನು ಅದರ ಮೂಲ ಅಗಲದಲ್ಲಿ ಕೊಡುವುದು, ಇನ್ನೊಂದು ಧ್ವನಿಪಟ್ಟಿಯಲ್ಲಿ ತಜ್ಞರ ವ್ಯಾಖ್ಯಾನ ಸೇರಿಸುವುದು, ಹಳೆಯ ದಾಖಲೆಗಳನ್ನು ಜೊತೆಗಿಡುವುದು ಎಂಬ ಪದ್ಧತಿಯನ್ನು ಹಾಕಿಕೊಟ್ಟಿತು. ಮನೆಯಲ್ಲಿ ಸಿನಿಮಾ ನೋಡುವವನನ್ನೂ ಗಂಭೀರ ಓದುಗನಂತೆ ಕಂಡದ್ದು ಅಲ್ಲಿಂದ.

ಈ ಇತಿಹಾಸದಲ್ಲಿ ಬಹಳ ಮುಖ್ಯವಾದ ಘಟನೆ ಯಾವುದೆಂದರೆ, ಯಾವುದೋ ಹೊಸ ಡಿಸ್ಕ್ ಅಲ್ಲ, 1996ರಲ್ಲಿ ಮುಗಿದ 'ವರ್ಟಿಗೋ' ಪುನರುದ್ಧಾರ ಎಂದು ನನ್ನ ಅಭಿಪ್ರಾಯ. ರಾಬರ್ಟ್ ಎ. ಹ್ಯಾರಿಸ್ ಮತ್ತು ಜೇಮ್ಸ್ ಸಿ. ಕಾಟ್ಜ್ ಕೈಹಾಕಿದಾಗ ಚಿತ್ರದ ಮೂಲ ನೆಗೆಟಿವ್ ಬಣ್ಣಗೆಟ್ಟಿತ್ತು. 'ವರ್ಟಿಗೋ' ವಿಸ್ಟಾವಿಷನ್ ಚಿತ್ರ: 35 ಮಿ.ಮೀ. ಫಿಲ್ಮನ್ನು ಕ್ಯಾಮೆರಾದೊಳಗೆ ಅಡ್ಡಡ್ಡ ಓಡಿಸಿ, ಒಂದು ಚಿತ್ರಕ್ಕೆ ಎಂಟು ರಂಧ್ರಗಳಷ್ಟು ಉದ್ದ ಬಳಸಿ, ಮಾಮೂಲಿಗಿಂತ ಎರಡು ಪಟ್ಟಿನಷ್ಟು ಜಾಗ ಪಡೆಯುವ ವಿಧಾನ. ಅಷ್ಟು ವಿವರ ಹಿಡಿದಿಟ್ಟ ನೆಗೆಟಿವನ್ನು ಸರಿಯಾಗಿ ತೋರಿಸಲು ಅವರು 70 ಮಿ.ಮೀ. ಪ್ರಿಂಟುಗಳನ್ನು ತಯಾರಿಸಿದರು. ಬಣ್ಣ ಹೇಗಿತ್ತೆಂದು ತಿಳಿಯಲು ಬಣ್ಣ ಮಾಸದ ಹಳೆಯ ಟೆಕ್ನಿಕಲರ್ ಪ್ರಿಂಟುಗಳ ನೆರವು ಬೇಕಾಯಿತು. ಈ ಚಿತ್ರದಲ್ಲಿ ಬಣ್ಣ ಬರೀ ಅಲಂಕಾರವಲ್ಲ. ನಾಯಕಿ ಮ್ಯಾಡೆಲಿನ್ ಮೊದಲು ಕಾಣಿಸಿಕೊಳ್ಳುವಾಗ ಹಸಿರು ಹೊದಿಕೆ, ಅವಳ ಕಾರು ಹಸಿರು. ಕೊನೆಯ ಭಾಗದಲ್ಲಿ ಅವಳನ್ನೇ ಹೋಲುವ ಜೂಡಿ ಹೋಟೆಲ್ ಕೋಣೆಯಲ್ಲಿ ಹಸಿರು ನಿಯಾನ್ ಬೆಳಕಿನೊಳಗಿಂದ ಸತ್ತವಳಂತೆ ನಡೆದುಬರುತ್ತಾಳೆ. ಆ ಹಸಿರು ತಪ್ಪಿದರೆ ನಾಯಕನ ಹುಚ್ಚಿಗೆ ಕಾರಣವೇ ಸಿಗುವುದಿಲ್ಲ.

ಧ್ವನಿಯ ವಿಷಯದಲ್ಲಿ ಇದೇ ಪುನರುದ್ಧಾರ ದೊಡ್ಡ ಜಗಳಕ್ಕೂ ಕಾರಣವಾಯಿತು. ಬರ್ನಾರ್ಡ್ ಹರ್ಮನ್ ಸಂಯೋಜಿಸಿದ ಸಂಗೀತವನ್ನು, ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರವಿದ್ದುದರಿಂದ, ಮ್ಯೂರ್ ಮ್ಯಾಥಿಸನ್ ನಿರ್ದೇಶನದಲ್ಲಿ ಮೊದಲು ಲಂಡನ್ನಿನಲ್ಲಿ, ಆಮೇಲೆ ವಿಯೆನ್ನಾದಲ್ಲಿ ಧ್ವನಿಮುದ್ರಿಸಿದ್ದರು. ಲಂಡನ್ನಿನ ಭಾಗ ಸ್ಟೀರಿಯೊದಲ್ಲಿ ಸಿಕ್ಕಿತು. ಅದನ್ನು ಬಳಸಿ ಹೊಸ ಧ್ವನಿಪಟ್ಟಿ ಕಟ್ಟುವಾಗ ಹೆಜ್ಜೆಸಪ್ಪಳ, ಗುಂಡಿನ ಸದ್ದು, ಹಕ್ಕಿಯ ಕೂಗುಗಳನ್ನೆಲ್ಲ ಹೊಸದಾಗಿ ಧ್ವನಿಮುದ್ರಿಸಿ ಸೇರಿಸಬೇಕಾಯಿತು. ಅಭಿಮಾನಿಗಳು ಸಿಟ್ಟಾದರು. ಹಿಚ್‌ಕಾಕ್ ಬೇಕೆಂದೇ ಮೌನವಾಗಿಟ್ಟ ಕಡೆ ಸದ್ದು ತುರುಕಿದ್ದು ತಪ್ಪು ಎಂಬ ಅವರ ವಾದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಮೌನವೂ ಕತ್ತಲಿನ ಹಾಗೆಯೇ ಈ ಪ್ರಕಾರದ ಕಚ್ಚಾಸಾಮಗ್ರಿ. ಮುಂದಿನ ಬಿಡುಗಡೆಗಳಲ್ಲಿ ಮೂಲ ಮೋನೊ ಧ್ವನಿಪಟ್ಟಿ ಮರಳಿ ಬಂತು. ಆಮೇಲೆ ಯಾವ ಹಳೆಯ ಚಿತ್ರ ಬಂದರೂ ಜನ ಮೊದಲು ಕೇಳುವ ಪ್ರಶ್ನೆಗಳಲ್ಲಿ 'ಮೂಲ ಮೋನೊ ಇದೆಯೇ?' ಎಂಬುದೂ ಸೇರಿಕೊಂಡಿತು. 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ 2012ರಲ್ಲಿ 'ವರ್ಟಿಗೋ' ಮೊದಲ ಸ್ಥಾನಕ್ಕೇರಿತು. ಚಿತ್ರ ಜನರ ಕಣ್ಣಿಗೆ ಮತ್ತೆ ಸರಿಯಾಗಿ ಬೀಳದಿದ್ದರೆ ಇದು ಆಗುತ್ತಿರಲಿಲ್ಲ.

1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಡಿವಿಡಿಯಲ್ಲಿ ಜಾಗ ಹೆಚ್ಚು, ಬೆಲೆ ಕಡಿಮೆ. ಹಾಗಾಗಿ ಒಂದು ಚಿತ್ರದ ಬೇರೆಬೇರೆ ಆವೃತ್ತಿಗಳ ಬಗ್ಗೆ ಯೋಚಿಸುವುದು ಸಾಧ್ಯವಾಯಿತು. ಅದರ ಉತ್ತಮ ಉದಾಹರಣೆ ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958). ಚಿತ್ರ ತೆರೆದುಕೊಳ್ಳುವುದೇ ನಿಜವಾದ ಬಾಂಬಿನಿಂದ. ಯಾರೋ ಒಬ್ಬ ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಓಡುತ್ತಾನೆ, ಕಾರು ಮೆಕ್ಸಿಕೊ ಗಡಿಯ ಬೀದಿಗಳಲ್ಲಿ ತೆವಳುತ್ತ ಸಾಗುತ್ತದೆ, ಮೂರು ನಿಮಿಷಕ್ಕೂ ಹೆಚ್ಚು ಕಾಲ ಕ್ಯಾಮೆರಾ ಅದನ್ನು ಕಡಿಯದೆ ಹಿಂಬಾಲಿಸುತ್ತದೆ. ಸ್ಟುಡಿಯೊ ಈ ಶಾಟಿನ ಮೇಲೆ ಹೆಸರುಪಟ್ಟಿಯನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹರಡಿಬಿಟ್ಟಿತು. ಸ್ಟುಡಿಯೊ ಕತ್ತರಿಸಿದ ಚಿತ್ರವನ್ನು ನೋಡಿದ ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದು, ಹೇಗೆ ಸರಿಪಡಿಸಬೇಕೆಂದು ತಿಳಿಸಿದ. ಆಗ ಅದರಲ್ಲಿ ಬಹುಪಾಲನ್ನು ಯಾರೂ ಪಾಲಿಸಲಿಲ್ಲ. ನಲವತ್ತು ವರ್ಷದ ಮೇಲೆ, 1998ರಲ್ಲಿ, ನಿರ್ಮಾಪಕ ರಿಕ್ ಶ್ಮಿಡ್‌ಲಿನ್ ಮತ್ತು ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮರುಸಂಕಲಿಸಿದರು. ಹೆಸರುಪಟ್ಟಿ ಹೋಯಿತು. ಬಾರುಗಳಿಂದ, ಕಾರಿನ ರೇಡಿಯೊದಿಂದ ತೇಲಿಬರುವ ಬೀದಿಯ ಸದ್ದು ಕೇಳಿಸಿತು. ಬಾಂಬು ಹೊತ್ತ ಕಾರು ಹತ್ತಿರ ಬಂತೋ ದೂರ ಹೋಯಿತೋ ಎಂಬುದು ಕಿವಿಗೇ ತಿಳಿಯತೊಡಗಿತು. ಬ್ಲೂ-ರೇಯಲ್ಲಿ ಚಿತ್ರದ ಮೂರು ಆವೃತ್ತಿಗಳೂ ಒಟ್ಟಿಗೆ ದೊರೆತವು. ಇಂಥ ಬಿಡುಗಡೆ ಸಿನಿಮಾ ಇತಿಹಾಸದ ಪಾಠಪುಸ್ತಕಕ್ಕೆ ಸಮ.

ಡಿವಿಡಿಯ ಜೊತೆಗೇ ಪ್ರದೇಶದ ಬೀಗವೂ ಬಂತು. ಅಮೆರಿಕದ್ದು 1ನೇ ಪ್ರದೇಶ, ಬ್ರಿಟನ್ನಿನದು 2, ಭಾರತದ್ದು 5. ಬ್ಲೂ-ರೇಯಲ್ಲಿ ಅದು ಎ, ಬಿ, ಸಿ ಆಯಿತು. ನಾವು ಸಿ ಗುಂಪಿನವರು. ಅಮೆರಿಕದಿಂದ ಬಂದ ನೆಂಟರು ಪ್ರೀತಿಯಿಂದ ತಂದ ಡಿಸ್ಕ್, ಬೀಗ ತೆಗೆಸದ ಪ್ಲೇಯರಿನಲ್ಲಿ ಓಡದೆ ಬೆಂಗಳೂರು, ಮೈಸೂರುಗಳ ಎಷ್ಟೋ ಕಪಾಟುಗಳಲ್ಲಿ ಕುಳಿತುಬಿಟ್ಟಿತು. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಪ್ರದೇಶದ ಬೀಗವಿಲ್ಲ. ನಮ್ಮ ಕಡೆಯ ಸಂಗ್ರಾಹಕರಿಗೆ ಈ ರೂಪದ ದೊಡ್ಡ ವರವೇ ಇದು. ಲಂಡನ್ನಿನದಾಗಲಿ ನ್ಯೂಯಾರ್ಕಿನದಾಗಲಿ ಇಲ್ಲಿಯ ಪ್ಲೇಯರಿನಲ್ಲಿ ಓಡುತ್ತದೆ.

ಬ್ಲೂ-ರೇ ಕಾಲದ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. 2012ರಲ್ಲಿ ಯೂನಿವರ್ಸಲ್ ಹಿಚ್‌ಕಾಕ್‌ನ ಹದಿನೈದು ಚಿತ್ರಗಳ ಪೆಟ್ಟಿಗೆಯೊಂದನ್ನು ತಂದಿತು. ಅದರಲ್ಲಿ ಕೆಲವು ಅಚ್ಚುಕಟ್ಟಾಗಿದ್ದವು. 'ಮಾರ್ನಿ', 'ಫ್ಯಾಮಿಲಿ ಪ್ಲಾಟ್' ಮುಂತಾದವನ್ನು ನೋಡಿದವರು ನಿರಾಶರಾದರು. ಹೊಸ ಡಿಸ್ಕಿಗೆ ಹಳೆಯ ಸ್ಕ್ಯಾನ್ ತುಂಬಿದರೆ ದೋಷಗಳು ಇನ್ನಷ್ಟು ಎದ್ದು ಕಾಣುತ್ತವೆ. ಇದೇ ಹೊತ್ತಿಗೆ ಇನ್ನೊಂದು ರೋಗವೂ ಹಬ್ಬಿತು: ಫಿಲ್ಮಿನ ಸಹಜ ಕಣಗಳನ್ನು ಕೊಳೆಯೆಂದು ಬಗೆದು ಕಂಪ್ಯೂಟರಿನಲ್ಲಿ ಒರೆಸುವುದು. ಆಗ ಮುಖಗಳು ಮೇಣದ ಬೊಂಬೆಯಂತಾಗುತ್ತವೆ, ಹೆದರಿದ ಮುಖದ ಸೂಕ್ಷ್ಮ ಬೆವರು ಅಳಿಸಿಹೋಗುತ್ತದೆ.

2020ರ ಸೆಪ್ಟೆಂಬರಿನಲ್ಲಿ 'ರಿಯರ್ ವಿಂಡೋ', 'ವರ್ಟಿಗೋ', 'ಸೈಕೋ', 'ದ ಬರ್ಡ್ಸ್' ನಾಲ್ಕೂ ಒಟ್ಟಿಗೆ 4ಕೆಯಲ್ಲಿ ಬಂದವು. ಬಹುಜನ 4ಕೆ ಎಂದರೆ ಗೆರೆಗಳ ಲೆಕ್ಕ ಎಂದುಕೊಳ್ಳುತ್ತಾರೆ. ಈ ಚಿತ್ರಗಳಿಗೆ ಅದಕ್ಕಿಂತ ಉಪಕಾರವಾದದ್ದು ಕಪ್ಪು-ಬಿಳುಪಿನ ನಡುವಿನ ಮೆಟ್ಟಿಲುಗಳನ್ನು ಹೆಚ್ಚಿಸುವ ಎಚ್‌ಡಿಆರ್. ಸಿಗರೇಟಿನ ಕೆಂಡ ಕೊನೆಗೂ ಕೆಂಡವಾಯಿತು, ಅದರ ಸುತ್ತಲಿನ ಕತ್ತಲು ಕತ್ತಲಾಯಿತು. 'ಸೈಕೋ' ಡಿಸ್ಕಿನಲ್ಲಿ 1960ರ ಪ್ರೇಕ್ಷಕರು ಕಂಡ ಆವೃತ್ತಿಯೂ ಸೇರಿತು. ಮುಂದೆ ಕತ್ತರಿಸಲಾಗಿದ್ದ ಕೆಲವು ಕ್ಷಣಗಳು, ಮೋಟೆಲ್ ನಡೆಸುವ ನಾರ್ಮನ್‌ನ ಕೈಗಂಟಿದ ರಕ್ತ, ಪತ್ತೇದಾರ ಆರ್ಬೊಗಾಸ್ಟ್‌ನ ಮೇಲಿನ ಇನ್ನಷ್ಟು ಇರಿತ, ಅಲ್ಲಿಯವರೆಗೆ ಜರ್ಮನ್ ಟೆಲಿವಿಷನ್ನಿನ ಪ್ರತಿಯನ್ನು ಕಂಡವರಿಗೆ ಮಾತ್ರ ಗೊತ್ತಿದ್ದವು. 2022ರಲ್ಲಿ ಇನ್ನೂ ಎರಡು ಕಂತು ಬಂದು, ಹಳೆಯ ಪೆಟ್ಟಿಗೆಯ ದುರ್ಬಲ ಚಿತ್ರಗಳಿಗೂ ನ್ಯಾಯ ಸಿಕ್ಕಿತು. 2024ರಲ್ಲಿ ಮೂಲ ವಿಸ್ಟಾವಿಷನ್ ನೆಗೆಟಿವ್‌ನಿಂದಲೇ ತಯಾರಾದ 'ನಾರ್ತ್ ಬೈ ನಾರ್ತ್‌ವೆಸ್ಟ್' ಬಂತು. ಅದೇ ವರ್ಷ, ಮೈಕೆಲ್ ಪವೆಲ್‌ನ ವೃತ್ತಿಜೀವನವನ್ನೇ ಬ್ರಿಟನ್ನಿನಲ್ಲಿ ಮಗುಚಿಹಾಕಿದ 'ಪೀಪಿಂಗ್ ಟಾಮ್' (1960) ಹೊಸ ಪುನರುದ್ಧಾರದೊಂದಿಗೆ ಮನೆಗೆ ಬಂತು.

ಇಷ್ಟೆಲ್ಲ ಒಳ್ಳೆಯದಾಗುತ್ತಿರುವುದು ಅಂಗಡಿಗಳು ಬಾಗಿಲು ಹಾಕುತ್ತಿರುವ ಕಾಲದಲ್ಲಿ. ಪ್ಲೇಯರ್ ತಯಾರಕರಲ್ಲಿ ಒಪ್ಪೊ 2018ರಲ್ಲಿ ಹಿಂದೆ ಸರಿಯಿತು. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ಅಂಚೆಯ ಮೂಲಕ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿತು. ಸ್ಟ್ರೀಮಿಂಗ್ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ, ಸಾಲದು. ಅಲ್ಲಿ ದತ್ತಾಂಶ ಉಳಿಸಲು ಮೊದಲು ಹಿಂಡುವುದು ಕತ್ತಲ ದೃಶ್ಯಗಳನ್ನೇ. ಯಾವ ಆವೃತ್ತಿ, ಯಾವ ಧ್ವನಿಪಟ್ಟಿ ಎಂಬ ಆಯ್ಕೆ ನೋಡುವವರಿಗಿಲ್ಲ, ಇಂದು ಇದ್ದ ಚಿತ್ರ ನಾಳೆ ಇರುವ ಖಾತರಿಯೂ ಇಲ್ಲ. ಕ್ರೈಟೀರಿಯನ್, ಕೀನೊ ಲಾರ್ಬರ್, ಆ್ಯರೋ, ವಾರ್ನರ್ ಆರ್ಕೈವ್, ಸ್ಟುಡಿಯೊ ಕನಾಲ್ ಮುಂತಾದವರು ಕೆಲವೇ ಸಾವಿರ ನಿಷ್ಠಾವಂತರನ್ನು ನಂಬಿ ಈ ಕೆಲಸ ಮುಂದುವರಿಸಿದ್ದಾರೆ.

ಇನ್ನೂ ಏನು ಬೇಕು ಎಂದರೆ ನನ್ನ ಮೊದಲ ಬೇಡಿಕೆ 'ಡಯಲ್ ಎಂ ಫಾರ್ ಮರ್ಡರ್' (1954). ಹಿಚ್‌ಕಾಕ್ ಇದನ್ನು 3ಡಿಯಲ್ಲಿ ತೆಗೆದ. ಆ ಹುಚ್ಚಿನ ಕಾಲದ ಇತರರು ಪ್ರೇಕ್ಷಕರ ಮೇಲೆ ವಸ್ತುಗಳನ್ನು ಎಸೆಯುತ್ತಿದ್ದಾಗ, ಈತ ನೆಲದಲ್ಲಿ ಗುಂಡಿ ತೋಡಿಸಿ ಕ್ಯಾಮೆರಾವನ್ನು ಕೆಳಗಿಟ್ಟು, ಟೇಬಲ್ ಲ್ಯಾಂಪು, ಸೀಸೆಗಳನ್ನು ಮುಂದೆ ಜೋಡಿಸಿ, ಒಂದು ಬೈಠಕ್‌ಖಾನೆಯನ್ನು ಆಳವಾದ ಬೋನಾಗಿ ಮಾರ್ಪಡಿಸಿದ. ಕೊಲೆಗಾರ ಕುತ್ತಿಗೆ ಬಿಗಿಯುವಾಗ ಗ್ರೇಸ್ ಕೆಲ್ಲಿಯ ಕೈ ಹಿಂದಕ್ಕೆ, ನಮ್ಮೆಡೆಗೆ, ಕತ್ತರಿಗಾಗಿ ತಡಕುತ್ತದೆ. ತೆರೆಯಿಂದ ಹೊರಗೆ ಬರುವುದು ಆ ಕೈ; ಸಹಾಯ ಬೇಡುತ್ತಿರುವುದು ನಮ್ಮನ್ನು. ಚಿತ್ರ ಬಿಡುಗಡೆಯಾದಾಗ 3ಡಿಯ ಅಲೆ ಇಳಿದಿತ್ತು, ಹೆಚ್ಚಿನ ಕಡೆ ಸಾದಾ ಪ್ರತಿಯೇ ಓಡಿತು. 2012ರಲ್ಲಿ 3ಡಿ ಬ್ಲೂ-ರೇ ಬಂತು, ಐದೇ ವರ್ಷದಲ್ಲಿ ದೊಡ್ಡ ಕಂಪನಿಗಳು 3ಡಿ ಟಿವಿ ಮಾಡುವುದನ್ನು ಬಿಟ್ಟವು. 4ಕೆ ಡಿಸ್ಕಿನ ನಿಯಮಾವಳಿಯಲ್ಲಿ 3ಡಿಗೆ ಸ್ಥಾನವೇ ಇಲ್ಲ. ಸಾದಾ 4ಕೆ ಎಷ್ಟೇ ಚೆನ್ನಾಗಿದ್ದರೂ ಅದು ಈ ಚಿತ್ರದ ಅರ್ಧ ಭಾಗ. ಜೊತೆಗೆ 3ಡಿ ಬ್ಲೂ-ರೇಯನ್ನೂ ಇಟ್ಟೇ ಹೊಸ ಬಿಡುಗಡೆ ಬರಬೇಕು. ಪ್ರೊಜೆಕ್ಟರ್ ಇರುವವರು ಈಗಲೂ ಅದನ್ನು ನೋಡಬಲ್ಲರು.

ಉಳಿದಂತೆ ನನ್ನ ಆಸೆಗಳು ದೊಡ್ಡ ಹೆಸರುಗಳಾಚೆಯವು. ಆ ಆಸೆಗೆ ಧೈರ್ಯ ಕೊಡುವ ಕತೆಗಳಿವೆ. ಥೊರಾಲ್ಡ್ ಡಿಕಿನ್‌ಸನ್‌ನ 'ಗ್ಯಾಸ್‌ಲೈಟ್' (1940) ಅದೇ ಕಥೆಯ 1944ರ ಹಾಲಿವುಡ್ ಚಿತ್ರಕ್ಕೆ ಅಡ್ಡಿಯಾಗಬಾರದೆಂದು ಎಂಜಿಎಂ ಅದರ ಪ್ರತಿಗಳನ್ನೇ ಇಲ್ಲವಾಗಿಸಲು ಹೊರಟಿತ್ತು. ಅದೃಷ್ಟವಶಾತ್ ಅದು ಉಳಿದು, ಇಂದು ಡಿಸ್ಕಿನಲ್ಲಿ ಸಿಗುತ್ತದೆ; ನನಗೆ ಎರಡರಲ್ಲಿ ಅದೇ ಹೆಚ್ಚು ಹರಿತ. ನಾರ್ಮನ್ ಫಾಸ್ಟರ್‌ನ 'ವುಮನ್ ಆನ್ ದ ರನ್' (1950) ಕತೆಯಂತೂ ಇನ್ನೂ ರೋಚಕ. ಅಮೆರಿಕದಲ್ಲಿ ಉಳಿದಿದ್ದ ಒಳ್ಳೆಯ ಪ್ರಿಂಟು 2008ರ ಜೂನ್ 1ರಂದು ಯೂನಿವರ್ಸಲ್ ಸ್ಟುಡಿಯೊದ ಬೆಂಕಿಯಲ್ಲಿ ಸುಟ್ಟುಹೋಯಿತು. ಎಡಿ ಮುಲ್ಲರ್ ಮತ್ತು ಅವರ ಫಿಲ್ಮ್ ನ್ವಾರ್ ಫೌಂಡೇಷನ್ ಪಟ್ಟುಬಿಡದೆ ಹುಡುಕಿದರು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಭಂಡಾರದಲ್ಲಿ ಸಾಮಗ್ರಿ ಸಿಕ್ಕಿತು. ಯುಸಿಎಲ್‌ಎ ಭಂಡಾರ ಪುನರುದ್ಧಾರ ಮಾಡಿತು, 2016ರಲ್ಲಿ ಡಿಸ್ಕ್ ಬಂತು. ಕಳೆದದ್ದು ಮರಳಿ ಬರಬಲ್ಲದು ಎನ್ನಲು ಇದೊಂದೇ ನಿದರ್ಶನವಲ್ಲ. ಹಿಚ್‌ಕಾಕ್ ಸಹಾಯಕನಾಗಿ ದುಡಿದ 'ದ ವೈಟ್ ಶ್ಯಾಡೊ'ದ (1924) ಆರು ರೀಲುಗಳಲ್ಲಿ ಮೊದಲ ಮೂರು 2011ರಲ್ಲಿ ನ್ಯೂಜಿಲೆಂಡಿನಲ್ಲಿ ಪತ್ತೆಯಾದವು. ಅಷ್ಟು ದೂರದಿಂದ ಪ್ರಿಂಟು ವಾಪಸು ಕಳಿಸುವ ಖರ್ಚಿಗೆ ಹಿಂಜರಿದು ಅಲ್ಲೇ ಬಿಟ್ಟ ರೀಲುಗಳು ಎಷ್ಟಿದ್ದವೋ!

ಹಾಗಾಗಿ 'ದ ಮೌಂಟನ್ ಈಗಲ್' ಬಗ್ಗೆಯೂ ಆಸೆ ಬಿಡಬೇಕಾಗಿಲ್ಲ. ಅದು ಹಿಚ್‌ಕಾಕ್ ನಿರ್ದೇಶಿಸಿದ ಎರಡನೆಯ ಚಿತ್ರ. ಜರ್ಮನಿಯ ಮ್ಯೂನಿಕ್ ಸ್ಟುಡಿಯೊದ ಸಹಯೋಗದಲ್ಲಿ, ಆಸ್ಟ್ರಿಯಾದ ಬೆಟ್ಟಗಳಲ್ಲಿ ತೆಗೆದದ್ದು, 1926ರಲ್ಲಿ ಜರ್ಮನಿಯಲ್ಲಿ ತೆರೆಕಂಡದ್ದು. ಇಂದು ಕೆಲವು ಸ್ಥಿರಚಿತ್ರಗಳ ಹೊರತು ಏನೂ ಉಳಿದಿಲ್ಲ. 2010ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ, ಅತ್ಯಗತ್ಯವಾಗಿ ಹುಡುಕಬೇಕಾದ 75 ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಅಗ್ರಸ್ಥಾನ. ಹಿಚ್‌ಕಾಕ್ ಸ್ವತಃ ಅದನ್ನು ಬಹಳ ಕೆಟ್ಟ ಚಿತ್ರವೆಂದು ಫ್ರೆಂಚ್ ನಿರ್ದೇಶಕ ತ್ರುಫೋ ಎದುರು ತಳ್ಳಿಹಾಕಿದ್ದ. ಆತ ಅದರ ಮರುಹೆಜ್ಜೆಯಲ್ಲೇ 'ದ ಲಾಡ್ಜರ್' ತೆಗೆದ. ಅಲ್ಲಿ ಮಹಡಿಯ ಮೇಲೆ ಓಡಾಡುವ ಬಾಡಿಗೆದಾರನ ಪಾದಗಳನ್ನು ಗಾಜಿನ ಚಾವಣಿಯ ಮೂಲಕ ಕೆಳಗಿನಿಂದ ತೋರಿಸಿ, ಮೂಕಿಚಿತ್ರದಲ್ಲಿ ಹೆಜ್ಜೆಯ ಸದ್ದು ಕೇಳಿಸಿದ. ಒಂದೇ ಚಿತ್ರದ ಅಂತರದಲ್ಲಿ ಆತ ಅಷ್ಟು ಕಲಿತದ್ದು ಹೇಗೆಂದು ತಿಳಿಯಲು ಆ ಕೆಟ್ಟ ಚಿತ್ರವೇ ನನಗೆ ಬೇಕು, ಅರ್ಧ ಕೊಳೆತ ನೈಟ್ರೇಟ್ ರೀಲುಗಳಿಂದ ಸ್ಕ್ಯಾನ್ ಮಾಡಿದ್ದಾದರೂ ಸರಿಯೇ.